ಮಾಳಿಗೆ, ಪತ್ರಾಸ್ ಮತ್ತು ಬಿರುಗಾಳಿ

ಬಾದಾಮಿ, ಹುನಗುಂದ, ಇಳಕಲ್ಲ ಸೀಮೆ ಕಡಲಿಂದ ದೂರ. ಚಂಡಮಾರುತದ ನೇರ ಹೊಡೆತ ಇಲ್ಲಿಗೆ ತಟ್ಟದು. ಆದರೂ ಮುಂಗಾರಿಗೆ ಮೊದಲು, ಗುಡುಗುಮಳೆಯ ಮುಂದೆ ನುಗ್ಗುವ ಬಿರುಗಾಳಿಗೆ ಪತ್ರಾಸ್, ಅಂದರೆ ಚಾವಣಿಯ ತಗಡಿನ ಹಾಳೆಗಳು, ಹಾರಿಹೋಗುತ್ತವೆ. ಅದೇ ಓಣಿಯ ಮಾಳಿಗೆ, ಅಂದರೆ ಜಂತಿಯ ಮೇಲೆ ಮಣ್ಣು ಹಾಸಿದ ಚಾವಣಿ, ಕದಲುವುದಿಲ್ಲ. ಯಾಕೆ?

ಗಾಳಿ ಚಾವಣಿಯ ಅಂಚನ್ನು ದಾಟಿ ಹಾಯುವಾಗ ಮೇಲ್ಭಾಗದಲ್ಲಿ ಒತ್ತಡ ಇಳಿದು, ಚಾವಣಿಯನ್ನು ಮೇಲಕ್ಕೆ ಸೆಳೆಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಈ ಸೆಳೆತ ನಾಲ್ಮಡಿ. ಗಂಟೆಗೆ 108 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 55 ಕಿಲೋ ಭಾರಕ್ಕೆ ಸಮ. ಮೂಲೆ, ಅಂಚುಗಳಲ್ಲಿ ಸೆಳೆತ ಇನ್ನೂ ಜೋರು. ಜಂತಿಯ ಮೇಲೆ ಒಂದು ಅಡಿ ಹಾಸಿದ ಮಣ್ಣು ಚದರ ಮೀಟರಿಗೆ 450 ಕಿಲೋ ಮೀರಿ ತೂಗುತ್ತದೆ. ಅಷ್ಟೇ ಜಾಗದ, ಅರ್ಧ ಮಿಲಿಮೀಟರ್ ದಪ್ಪದ ಪತ್ರಾಸ್ ತೂಗುವುದು 5 ಕಿಲೋ ಆಸುಪಾಸು.

ಮಾಳಿಗೆಗೆ ಇನ್ನೊಂದು ಗುಣವಿದೆ. ದಪ್ಪ ಮಣ್ಣು ಹಗಲಿನ ಬಿಸಿಲಿನ ಕಾವನ್ನು ತಡೆದು ನಿಧಾನವಾಗಿ ಒಳಗೆ ಬಿಡುತ್ತದೆ. ನೆತ್ತಿಯ ಬೆಳಕಿಂಡಿಯಿಂದ ಬಿಸಿಗಾಳಿ, ಒಲೆಯ ಹೊಗೆ ಹೊರಗೆ ಹೋಗುತ್ತವೆ.

ಇದೇ ಸೀಮೆಯ ಐಹೊಳೆಯ ಲಾಡ್‌ಖಾನ್ ಗುಡಿಯಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಭಾರದ ಜೊತೆಗೆ ಇಳಿಜಾರನ್ನೂ ಕೂಡಿಸಿದರು. ಓರೆಯಾಗಿ ಹಾಸಿದ ಕಲ್ಲುಚಪ್ಪಡಿಗಳು, ಅವುಗಳ ಸಂದಿಯ ಮೇಲೆ ಉದ್ದನೆಯ ಕಲ್ಲುಪಟ್ಟಿ. ನೀರು ನಿಲ್ಲದೆ ಜಾರುತ್ತದೆ. ಗೋಡೆಯ ಜಾಲಂಧ್ರಗಳಿಂದ ಗಾಳಿಯಾಡುತ್ತದೆ.

ಮಾಳಿಗೆಯ ಶತ್ರು ಬಿಡದೆ ಸುರಿಯುವ ಮಳೆ. ನೆನೆದ ಮಣ್ಣಿನ ಭಾರ ಏರುತ್ತದೆ, ಗೆದ್ದಲು ತಿಂದ ಜಂತಿ ಮುರಿಯುತ್ತದೆ. 2009 ಮತ್ತು 2019ರ ಮಳೆ, ನೆರೆಯಲ್ಲಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಬಿದ್ದವು. ಹಾಗಾಗಿ ಜನ ಪತ್ರಾಸಿಗೆ ತಿರುಗಿದ್ದು ಸಹಜ. ಆದರೆ ಮಾಳಿಗೆ ಇಳಿಸಿದಾಗ ಮನೆಯನ್ನು ಅದುಮಿ ಹಿಡಿದ ಭಾರವೂ, ಬಿಸಿಗಾಳಿಯ ದಾರಿಯೂ ಒಟ್ಟಿಗೆ ಹೋಗುತ್ತವೆ. ಎರಡನ್ನೂ ಬೇರೆ ಬಗೆಯಲ್ಲಿ ಮರಳಿ ಕೊಡಲೇಬೇಕು.

ಅದಕ್ಕೆ ಮೂರು ಕೆಲಸ. ಮೊದಲನೆಯದು ಬಿಗಿತ. ಪತ್ರಾಸಿನ ಮೇಲೆ ಕಲ್ಲು ಹೇರಬೇಡಿ. ಗಾಳಿಗೆ ಉರುಳಿ ಬಿದ್ದರೆ ಅವು ಜೀವ ತೆಗೆಯುತ್ತವೆ. ಜೆ ಹುಕ್ಕಿನಿಂದ ಹಾಳೆಯನ್ನು ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ತೊಲೆಗೆ, ತೊಲೆಯನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಯೊಳಗೆ ಆಳವಾಗಿ ಬಿಗಿಯಿರಿ. ಒಂದು ಕೊಂಡಿ ಸಡಿಲವಿದ್ದರೂ ಉಳಿದವು ವ್ಯರ್ಥ. ಅಂಚು, ಮೂಲೆ, ನೆತ್ತಿಯಲ್ಲಿ ಹುಕ್ಕು ಒತ್ತೊತ್ತಾಗಿರಲಿ. ಸೂರು ಗೋಡೆಯಿಂದ ಒಂದೂವರೆ ಅಡಿ ಮೀರಿ ಚಾಚದಿರಲಿ.

ಎರಡನೆಯದು ಆಕಾರ. ತೀರಾ ಚಪ್ಪಟೆಯಾದ ಪತ್ರಾಸಿಗೆ ಸೆಳೆತ ಹೆಚ್ಚು. 25ರಿಂದ 30 ಡಿಗ್ರಿ ಇಳಿಜಾರು ಮೇಲು. ನಾಲ್ಕೂ ಕಡೆ ಇಳಿಯುವ ಚಾವಣಿ ಇನ್ನೂ ಗಟ್ಟಿ.

ಮೂರನೆಯದು ಗಾಳಿದಾರಿ. ಪತ್ರಾಸಿನ ಕೆಳಗೆ ಅಟ್ಟವಿದ್ದರೆ ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿ ಜಾಲಿಕಿಂಡಿ ಬಿಡಿ. ಬಿಸಿಗಾಳಿ ಹೊರಬೀಳುತ್ತದೆ, ಬಿರುಗಾಳಿಯಲ್ಲಿ ಒಳಗೆ ಸೇರಿದ ಒತ್ತಡಕ್ಕೂ ಹೋಗಲು ಹಾದಿ ಸಿಗುತ್ತದೆ. ಗಾಳಿ ಬಡಿಯುವ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಬಿರುಗಾಳಿಯ ಹೊತ್ತಿನಲ್ಲಿ ಆ ಬಾಗಿಲನ್ನು ಭದ್ರವಾಗಿ ಹಾಕಿ.

ಮಾಳಿಗೆ ಇನ್ನೂ ಗಟ್ಟಿಯಿದ್ದರೆ ಉಳಿಸಿಕೊಳ್ಳಿ. ಮುಂಗಾರಿಗೆ ಮೊದಲೇ ಜಂತಿ ತಟ್ಟಿ ನೋಡಿ, ಬಿರುಕಿಗೆ ಮಣ್ಣು ಮೆತ್ತಿ, ನೀರು ಹೋಗುವ ದೋಣಿ ಸ್ವಚ್ಛ ಮಾಡಿ. ಬೆಳಕಿಂಡಿಯ ಸುತ್ತ ಕಟ್ಟೆ ಎತ್ತರಿಸಿ ಮುಚ್ಚಳ ಇಡಿ. ಬೆಳಕಿಂಡಿಯನ್ನು ಸಿಮೆಂಟು ಹಾಕಿ ಮುಚ್ಚಬೇಡಿ.