ಅರಿಶಿನದ ಡಬ್ಬಿಯಲ್ಲೊಂದು ಫೋಟೊ ಸ್ಟುಡಿಯೊ

ಅರಿಶಿನದಿಂದ ಫೋಟೊ ಮೂಡುತ್ತದೆ! ಕ್ಯಾಮೆರಾ ಬೇಡ, ಡಾರ್ಕ್‌ರೂಮ್ ಬೇಡ. ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಒಂದು ಪೊಟ್ಟಣ ಅರಿಶಿನ, ಔಷಧಿ ಅಂಗಡಿಯಿಂದ ಸರ್ಜಿಕಲ್ ಸ್ಪಿರಿಟ್, ಒಂದು ದಪ್ಪ ಡ್ರಾಯಿಂಗ್ ಹಾಳೆ ತಂದರೆ ಸಾಕು. ಬಿಸಿಲು ತಾರಸಿಯ ಮೇಲೆ ಪುಕ್ಕಟೆ ಬಿದ್ದಿದೆ.

ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ (ಒಲೆಯಿಂದ ದೂರ, ಹೊತ್ತಿಕೊಂಡೀತು!), ಬಟ್ಟೆಯಲ್ಲಿ ಸೋಸಿ, ಆ ಕಡುಹಳದಿ ರಸವನ್ನು ಹಾಳೆಗೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಮೇಲೆ ನುಗ್ಗೆಸೊಪ್ಪಿನ ಒಂದು ಕಡ್ಡಿ, ಅದರ ಮೇಲೊಂದು ಗಾಜು. ಒಳ್ಳೆ ಬಿಸಿಲಿದ್ದರೆ ಕೆಲವೇ ಗಂಟೆ. ಗಾಜೆತ್ತಿ ಸೊಪ್ಪು ಸರಿಸಿ ನೋಡಿ: ಸುತ್ತಲೂ ಹಾಳೆ ಬಿಳಿಚಿಕೊಂಡಿದೆ, ಸಾಸಿವೆಗಿಂತ ತುಸು ದೊಡ್ಡದಾದ ಚಿಗುರೆಲೆಯ ಅಂಚು ಕೂಡ ಹಳದಿಯಲ್ಲಿ ಅಚ್ಚಾಗಿದೆ! ಇನ್ನು, ಗ್ರಂಧಿಗೆ ಅಂಗಡಿಯ ಬಿಳಿಗಾರವನ್ನು ನೀರಲ್ಲಿ ಕರಗಿಸಿ ಹಾಳೆಯನ್ನು ಅದ್ದಿ. ಕಣ್ಣೆದುರೇ ಹಳದಿ ಎಲೆ ಕಂದುಗೆಂಪಾಗುತ್ತದೆ.

ಜಾದೂ ಎನ್ನೋಣವೆಂದರೆ, ನಮ್ಮ ಮನೆಗಳಲ್ಲಿ ಇದು ದಿನವೂ ನಡೆದದ್ದೇ. ಹುಳಿ ಚೆಲ್ಲಿದ ಬಿಳಿ ಅಂಗಿಗೆ ಸೋಪು ತಿಕ್ಕಿದರೆ ಕಲೆ ಕೆಂಪಾಗುತ್ತದೆ, ಬಿಸಿಲಿಗೆ ಹರವಿದರೆ ಮಾಯವಾಗುತ್ತದೆ. ಅರಿಶಿನದ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುತ್ತದೆ, ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಬೆರೆಸಿ ಓಕುಳಿ ಮಾಡಿದವರಿಗೆ ಪ್ರಯೋಗದ ಅರ್ಧ ಕೈಗೆ ಬಂದೇ ಇತ್ತು. ಹಾಳೆಯೊಂದು ಬಾಕಿಯಿತ್ತು, ಅಷ್ಟೆ!

ಇಂಗ್ಲೆಂಡಿನ ಸರ್ ಜಾನ್ ಹರ್ಷೆಲ್ ಹೂವು, ಸೊಪ್ಪುಗಳ ರಸವನ್ನು ಹೀಗೆ ಬಿಸಿಲಿಗೊಡ್ಡಿ ತನ್ನ ಫಲಿತಾಂಶಗಳನ್ನು 1842ರಲ್ಲಿ ಪ್ರಕಟಿಸಿದ. ಈ ಬಗೆಯ ಚಿತ್ರಕ್ಕೆ ಆಂಥೊಟೈಪ್ ಎಂದು ಹೆಸರು. ನೀಲಿ ಚಿತ್ರ ಮೂಡಿಸುವ ಸಯನೊಟೈಪ್ ವಿಧಾನ ಕಂಡುಹಿಡಿದದ್ದೂ ಅದೇ ವರ್ಷ, ಅದೇ ಮನುಷ್ಯ!

ಅಡುಗೆ ಉಪ್ಪಿನ ಕಥೆಯಂತೂ ನಮ್ಮೂರಿನದೇ. ಉಪ್ಪುನೀರಲ್ಲಿ ನೆನೆಸಿದ ಹಾಳೆಗೆ ಸಿಲ್ವರ್ ನೈಟ್ರೇಟ್ ಬಳಿದರೆ ಅದು ಬೆಳಕಿಗೆ ಕಪ್ಪಾಗುತ್ತದೆ. 1854ರಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ ಸೇನಾಧಿಕಾರಿ ಲಿನೇಯಸ್ ಟ್ರೈಪ್, ಮರುವರ್ಷ ಬರ್ಮಾದಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಮಾಡಿಕೊಂಡು ಬಂದು, ಬೆಂಗಳೂರಿನಲ್ಲೇ ಕೂತು ಉಪ್ಪಿನ ಹಾಳೆಗಳ ಮೇಲೆ ಅವುಗಳ ಪ್ರಿಂಟ್ ತೆಗೆಸಿದ. ಜಯನಗರ ಹುಟ್ಟುವುದಕ್ಕೆ ಇನ್ನೂ ಹತ್ತಿರಹತ್ತಿರ ನೂರು ವರ್ಷವಿತ್ತು.

ಕಾಫಿಯನ್ನು ಬಿಟ್ಟರುಂಟೇ? ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ ಸೇರಿದರೆ ಕಪ್ಪುಬಿಳುಪು ರೀಲು ತೊಳೆಯುವ ಡೆವಲಪರ್ ಸಿದ್ಧ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ತರಗತಿಯೊಂದರಲ್ಲಿ ಹೊರಬಂದ ಈ ಪಾಕಕ್ಕೆ ಕ್ಯಾಫಿನಾಲ್ ಎನ್ನುತ್ತಾರೆ. ಸ್ವಲ್ಪ ವಿಟಮಿನ್ ಸಿ ಬೆರೆಸಿದರೆ ಕೆಲಸ ಇನ್ನೂ ಚುರುಕು. ವಾಸನೆ ಮಾತ್ರ ಸಹಿಸಲಾಗದು. ಬೈಟು ಕಾಫಿಯ ಭಕ್ತರು ಮೂಗು ಮುಚ್ಚಿಕೊಂಡೇ ನಿಲ್ಲಬೇಕು.

ಅರಿಶಿನದ ಚಿತ್ರಕ್ಕೊಂದು ತಕರಾರಿದೆ: ಅದನ್ನು ಮೂಡಿಸಿದ ಬೆಳಕೇ ಅದನ್ನು ತಿನ್ನುತ್ತಲೂ ಹೋಗುತ್ತದೆ. ಆದ್ದರಿಂದ ಗೋಡೆಗೆ ತೂಗುಹಾಕುವಂತಿಲ್ಲ, ಬೀರುವಿನಲ್ಲಿಟ್ಟು ನಂಟರು ಬಂದಾಗ ತೆಗೆದು ತೋರಿಸಬೇಕು. ಬೀಟ್‌ರೂಟ್ ರಸಕ್ಕಾದರೆ ಬಿಸಿಲು ದಿನಗಟ್ಟಲೆ ಬೇಕು, ತಾಳ್ಮೆಯಿದ್ದವರು ನೋಡಲಿ. ನನಗಂತೂ ಹಿತ್ತಲ ಬಸಳೆ ಹಣ್ಣಾಗುವುದನ್ನೇ ಕಾಯುವಂತಾಗಿದೆ. ಅದರ ನೇರಳೆ ರಸದಲ್ಲಿ ಇನ್ನೇನು ಮೂಡೀತೋ!