ದಸರಾಕ್ಕೆ ಶುರು ಮಾಡಿ, ಡಿಸೆಂಬರ್‌ವರೆಗೂ ಬಿಡಬೇಡಿ

ಮಳೆ ಕಡಿಮೆ ಆಗ್ತಾ ಬಂದಿದೆ, ಬೆಳಗಿನ ಆಕಾಶ ತಿಳಿಯಾಗಿದೆ, ಹೊಸ ಸೆಮ್ ಶುರುವಾಗಿದೆ. ಪಂಚಾಂಗದ ಪ್ರಕಾರ ಆಶ್ವಯುಜ, ಕಾರ್ತಿಕ ಎರಡು ತಿಂಗಳು ಸೇರಿ ಶರದೃತು. ಸ್ಕೂಲಿನ ಇಂಗ್ಲಿಷ್ ಪುಸ್ತಕದಲ್ಲಿ ಆಟಮ್ ಅಂದ್ರೆ ಕೆಂಪು ಎಲೆ ಉದುರಿಸೋ ಮರಗಳ ಚಿತ್ರ ಇರ್ತಿತ್ತು. ನಮ್ಮ ಶರದೃತುವಿನಲ್ಲಿ ಹಾಗೆ ಎಲೆ ಉದುರಲ್ಲ, ನವರಾತ್ರಿ ಬರತ್ತೆ. ಅದರ ಜೊತೆಗೇ ನಮ್ಮೆಲ್ಲರ ಹಳೇ ಪ್ರತಿಜ್ಞೆಗಳೂ ಬರ್ತವೆ: "ಈ ಸೆಮ್‌ನಲ್ಲಿ ದಿನಾ ಓದ್ತೀನಿ", "ಬೇಗ ಏಳ್ತೀನಿ", "ಲ್ಯಾಬ್ ರೆಕಾರ್ಡ್ ಅವತ್ತವತ್ತೇ ಬರೀತೀನಿ".

ಈ ಪ್ರತಿಜ್ಞೆಗಳಲ್ಲಿ ಹೆಚ್ಚಿನವು ಮೊದಲನೇ ಇಂಟರ್ನಲ್ಸ್ ಹೊತ್ತಿಗೆ ಮಾಯ. ಸೆಕೆಂಡ್ ಇಯರ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ. ವಿಟಿಯು ನಿಯಮದ ಪ್ರಕಾರ ಹಾಜರಾತಿ ಶೇ. 85 ಇರಬೇಕು, ಇಂಟರ್ನಲ್ಸ್ ಅಂಕ ಸೆಮ್ ಪೂರ್ತಿ ಸ್ವಲ್ಪ ಸ್ವಲ್ಪವಾಗಿ ಸೇರ್ತಾ ಹೋಗತ್ತೆ. ಇವೆರಡನ್ನೂ ಸ್ಟಡಿ ಹಾಲಿಡೇಸ್‌ನಲ್ಲಿ ರಾತ್ರಿಯೆಲ್ಲಾ ಕೂತು ಸಂಪಾದಿಸೋಕೆ ಆಗಲ್ಲ. ಇನ್ನೊಂದು ನಷ್ಟ ಮಾರ್ಕ್ಸ್ ಕಾರ್ಡ್‌ನಲ್ಲಿ ಕಾಣಲ್ಲ: ಎರಡು ಮೂರು ಸಲ ಹೀಗಾದ್ಮೇಲೆ ಹುಡುಗರು "ನನ್ನ ಕೈಲಿ ಆಗಲ್ಲ, ನನಗೆ ವಿಲ್ ಪವರ್ರೇ ಇಲ್ಲ" ಅಂತ ತಮಗೆ ತಾವೇ ತೀರ್ಪು ಕೊಟ್ಕೊಂಡು ಬಿಡ್ತಾರೆ. ಈ ತೀರ್ಪು ಬಹಳ ಸಲ ತಪ್ಪು. ಯಾಕೆ ಅಂತ ನೋಡೋಣ.

ಹಬ್ಬದ ದಿನವೇ ಯಾಕೆ?

ಹೊಸ ಕೆಲಸ ಶುರು ಮಾಡೋಕೆ ಒಳ್ಳೆ ದಿನ ನೋಡೋದನ್ನ ನಾವು ತಮಾಷೆ ಮಾಡ್ತೀವಿ. ಆದ್ರೆ ಅದರಲ್ಲಿ ಹುರುಳಿದೆ. ಹೆಂಗ್‌ಚೆನ್ ಡಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಅನ್ನೋ ಮೂವರು ಸಂಶೋಧಕರು 2014ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ರು. ಅಮೆರಿಕದ ಒಂದು ಯೂನಿವರ್ಸಿಟಿಯ ವಿದ್ಯಾರ್ಥಿಗಳು ಜಿಮ್‌ಗೆ ಯಾವಾಗ ಹೆಚ್ಚು ಹೋಗ್ತಾರೆ ಅಂತ ಲೆಕ್ಕ ಹಾಕಿದಾಗ, ವಾರದ ಶುರು, ತಿಂಗಳ ಶುರು, ವರ್ಷದ ಶುರು, ಸೆಮಿಸ್ಟರ್ ಶುರುವಿನಲ್ಲಿ ಸಂಖ್ಯೆ ಏರಿತ್ತು. ಹುಟ್ಟುಹಬ್ಬ ಆದ್ಮೇಲೂ ಏರಿತ್ತು, 21ನೇ ಹುಟ್ಟುಹಬ್ಬ ಒಂದನ್ನ ಬಿಟ್ಟು! (ಅಲ್ಲಿ ಕುಡಿಯೋಕೆ ಕಾನೂನಿನ ಒಪ್ಪಿಗೆ ಸಿಗೋ ವಯಸ್ಸು ಅದು.) ಕ್ಯಾಲೆಂಡರ್‌ನಲ್ಲಿ ಒಂದು ಗೆರೆ ಎಳೆದ ಹಾಗಾದಾಗ, ಗೆರೆಯ ಆಚೆ ಇರೋ 'ಹಳೇ ನಾನು' ಬೇರೆ, ಈಗಿನ ನಾನು ಬೇರೆ ಅಂತ ಮನಸ್ಸಿಗೆ ಅನ್ಸತ್ತೆ ಅನ್ನೋದು ಅವರ ವಿವರಣೆ.

ನಮಗೆ ಈ ಗೆರೆ ರೆಡಿಮೇಡ್ ಆಗಿ ಸಿಗತ್ತೆ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟು ಓದು ನಿಲ್ಲಿಸ್ತೀವಿ, ವಿಜಯದಶಮಿಗೆ ಮತ್ತೆ ತೆಗೀತೀವಿ. ಚಿಕ್ಕ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸೋದೂ ಅವತ್ತೇ. ಆಯುಧಪೂಜೆಗೆ ವರ್ಕ್‌ಶಾಪಿನ ಲೇತ್ ಮಷೀನ್ ಕೂಡ ಒರೆಸ್ಕೊಂಡು ಕುಂಕುಮ ಹಚ್ಚಿಸ್ಕೊಂಡು ನಿಂತಿರತ್ತೆ. ಅದೇ ದಿನ ಟೇಬಲ್, ಬ್ಯಾಗು, ಫೋನಿನ ಹೋಮ್ ಸ್ಕ್ರೀನ್ ಎಲ್ಲ ಕ್ಲೀನ್ ಮಾಡ್ಕೊಂಡ್ರೆ ಶುರು ಮಾಡೋಕೆ ಅದಕ್ಕಿಂತ ಒಳ್ಳೆ ದಿನ ಬೇಕಿಲ್ಲ.

21 ದಿನದ ಕಥೆ

ಶುರು ಮಾಡೋದು ಸುಲಭ. ಮುಂದೇನು? "21 ದಿನ ಮಾಡು, ಅಭ್ಯಾಸ ಆಗತ್ತೆ" ಅಂತ ಎಲ್ಲ ರೀಲ್ಸ್‌ನಲ್ಲೂ ಹೇಳ್ತಾರೆ. ಈ ಸಂಖ್ಯೆಯ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಸರ್ಜರಿ ಆದ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದ್ಕೊಳ್ಳೋಕೆ ಕನಿಷ್ಠ 21 ದಿನ ಆಗತ್ತೆ ಅಂತ ಅವರು ಬರೆದಿದ್ರು. ಬಾಯಿಂದ ಬಾಯಿಗೆ ಹೋಗ್ತಾ 'ಕನಿಷ್ಠ' ಅನ್ನೋ ಪದ ಬಿದ್ದುಹೋಯ್ತು, 'ಮುಖ' ಹೋಗಿ 'ಅಭ್ಯಾಸ' ಬಂತು.

ನಿಜವಾಗಿ ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ತಂಡ. 96 ಜನ 84 ದಿನ ಒಂದೊಂದು ಸಣ್ಣ ಕೆಲಸವನ್ನ ದಿನಾ ಮಾಡಿದ್ರು. ಅದು ಎಷ್ಟರಮಟ್ಟಿಗೆ ಯೋಚನೆ ಇಲ್ಲದೆ ತಾನಾಗೇ ಆಗ್ತಿದೆ ಅಂತ ಪ್ರತಿದಿನ ಅಂಕ ಕೊಟ್ರು. ತನ್ನ ಗರಿಷ್ಠ ಮಟ್ಟದ ಶೇ. 95 ಮುಟ್ಟೋಕೆ ಬೇಕಾದ ಕಾಲ 18 ದಿನದಿಂದ 254 ದಿನದವರೆಗೆ ಇತ್ತು, ಮಧ್ಯದ ಸಂಖ್ಯೆ 66. (84 ದಿನದ ಅಧ್ಯಯನದಲ್ಲಿ 254 ಹೇಗೆ ಬಂತು ಅಂದ್ರೆ, ಗ್ರಾಫನ್ನ ಮುಂದುವರಿಸಿ ಲೆಕ್ಕ ಹಾಕಿದ್ರು.)

ಕೆಪಾಸಿಟರ್ ಲೆಕ್ಕ

ನಮಗೆ ಮಜಾ ಅನ್ಸೋದು ಆ ಗ್ರಾಫಿನ ಆಕಾರ. ಅದು ಸರಳ ರೇಖೆ ಅಲ್ಲ. ಮೊದಲು ಬೇಗ ಏರಿ, ಆಮೇಲೆ ನಿಧಾನ ಆಗ್ತಾ, ಕೊನೆಗೆ ಚಪ್ಪಟೆ ಆಗೋ ಎಕ್ಸ್‌ಪೊನೆನ್ಷಿಯಲ್ ಕರ್ವ್. ಆರ್‌ಸಿ ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್ ಚಾರ್ಜ್ ಆಗೋ ಗ್ರಾಫ್ ನೆನಪಿದ್ಯಲ್ಲ, ಅದೇ.

ಕೆಪಾಸಿಟರ್ ಶೇ. 95 ಚಾರ್ಜ್ ಆಗೋಕೆ ಸುಮಾರು 3 ಟೈಮ್ ಕಾನ್‌ಸ್ಟೆಂಟ್ ಬೇಕು. 66 ದಿನವನ್ನ 3ರಿಂದ ಭಾಗಿಸಿದ್ರೆ ಒಂದು ಟೈಮ್ ಕಾನ್‌ಸ್ಟೆಂಟ್ ಅಂದ್ರೆ 22 ದಿನ. ಅಂದ್ರೆ ಸೊನ್ನೆಯಿಂದ ಶುರು ಮಾಡಿದವರು 22ನೇ ದಿನಕ್ಕೆ ಶೇ. 63ರಲ್ಲಿ, 44ನೇ ದಿನಕ್ಕೆ ಶೇ. 86ರಲ್ಲಿ, 66ನೇ ದಿನಕ್ಕೆ ಶೇ. 95ರಲ್ಲಿ ಇರ್ತಾರೆ. ಇದು ಅಂದಾಜು ಲೆಕ್ಕ, ಒಬ್ಬೊಬ್ಬರ ಟೈಮ್ ಕಾನ್‌ಸ್ಟೆಂಟ್ ಒಂದೊಂದು ಥರ. ಆದ್ರೂ ಒಂದು ವಿಷಯ ಸ್ಪಷ್ಟ ಆಗತ್ತೆ. 21 ದಿನ ಪ್ರಾಮಾಣಿಕವಾಗಿ ಮಾಡಿ, "ಇನ್ನೂ ಕಷ್ಟವೇ ಆಗ್ತಿದೆ" ಅಂತ ಬಿಟ್ಟವರಲ್ಲಿ ಯಾವ ದೋಷವೂ ಇಲ್ಲ. ಅವರು ಮೂರನೇ ಎರಡು ಭಾಗ ಚಾರ್ಜ್ ಆಗಿದ್ದ ಕೆಪಾಸಿಟರನ್ನ ಕೆಟ್ಟಿದೆ ಅಂತ ಬಿಸಾಕಿದ್ದಾರೆ, ಅಷ್ಟೆ.

ಇನ್ನೊಂದು ಸಮಾಧಾನ: ಮಧ್ಯದಲ್ಲಿ ಒಂದು ದಿನ ತಪ್ಪಿದ್ರೆ ಗ್ರಾಫಿನ ಮೇಲೆ ಹೇಳ್ಕೊಳ್ಳುವಂಥ ಪರಿಣಾಮ ಆಗಿರಲಿಲ್ಲ. ಫೆಸ್ಟ್ ಇತ್ತು, ಜ್ವರ ಬಂತು, ಊರಿಗೆ ಹೋದ್ರಿ. ಒಂದು ದಿನ ಹೋಯ್ತು. ಮರುದಿನ ಮುಂದುವರಿಸಿ. ಮತ್ತೆ ಒಂದನೇ ದಿನದಿಂದ ಎಣಿಸೋ ಅಗತ್ಯ ಇಲ್ಲ.

'ಯಾವಾಗ, ಎಲ್ಲಿ' ಬರೆದಿಡಿ

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದ್ರು. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ರು. ಅರ್ಧ ಜನಕ್ಕೆ ಮಾತ್ರ, ಅದನ್ನ ಯಾವಾಗ, ಎಲ್ಲಿ ಕೂತು ಬರೀತೀರಿ ಅಂತ ಮೊದಲೇ ತೀರ್ಮಾನಿಸೋಕೆ ಹೇಳಿದ್ರು. ತೀರ್ಮಾನಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಮಯಕ್ಕೆ ಮುಗಿಸಿದ್ರು. ಉಳಿದವರಲ್ಲಿ ಮುಗಿಸಿದ್ದು ಮೂರನೇ ಒಂದು ಪಾಲು. ರಜೆಯ ಅಸೈನ್‌ಮೆಂಟ್ ಪಾಡು ಎಲ್ಲ ದೇಶದಲ್ಲೂ ಒಂದೇ ನೋಡಿ!

ಹಾಗಾಗಿ "ದಿನಾ ಓದ್ತೀನಿ" ಅಂತ ಬರೀಬೇಡಿ. "ಮೆಸ್‌ನಲ್ಲಿ ರಾತ್ರಿ ಊಟ ಮುಗಿಸಿ ರೂಮಿಗೆ ಬಂದ ತಕ್ಷಣ, ಫೋನನ್ನ ಬ್ಯಾಗಿಗೆ ಹಾಕಿ, ಅವತ್ತಿನ ಮ್ಯಾಥ್ಸ್ ಕ್ಲಾಸಿನ ಎರಡು ಲೆಕ್ಕ ಮಾಡ್ತೀನಿ" ಅಂತ ಬರೀರಿ. ಇದರಲ್ಲಿ ಊಟ ಅನ್ನೋದು ಟ್ರಿಗರ್. ಅದು ಹೇಗಿದ್ರೂ ದಿನಾ ನಡಿಯತ್ತೆ, ಅಲಾರಂ ಬೇಕಿಲ್ಲ. ಕೆಲಸವೂ ಸಣ್ಣದು, ಸುಸ್ತಾದ ದಿನವೂ ಆಗುವಂಥದ್ದು.

ಜಾಗವೂ ಮುಖ್ಯ. ವೆಂಡಿ ವುಡ್ ಮತ್ತು ಜೊತೆಗಾರರು 2005ರಲ್ಲಿ ಒಂದು ಯೂನಿವರ್ಸಿಟಿಯಿಂದ ಇನ್ನೊಂದಕ್ಕೆ ಬಂದ ವಿದ್ಯಾರ್ಥಿಗಳನ್ನ ಗಮನಿಸಿದ್ರು. ಹೊಸ ಕಡೆ ಸುತ್ತಮುತ್ತ ಹಳೇ ಥರವೇ ಇದ್ದವರಿಗೆ ಹಳೇ ಅಭ್ಯಾಸ ಮುಂದುವರಿದಿತ್ತು, ಬದಲಾದವರಿಗೆ ಕಡಿದುಹೋಗಿತ್ತು. ಈ ಸೆಮ್‌ನಲ್ಲಿ ಹಾಸ್ಟೆಲ್ ಬ್ಲಾಕ್ ಬದಲಾಗಿದ್ರೆ ಅಥವಾ ಪಿಜಿಗೆ ಬಂದಿದ್ರೆ ನಿಮಗಿದು ಸುವರ್ಣಾವಕಾಶ. ಹೊಸ ರೂಮಿನ ಯಾವ ಮೂಲೆ ಓದಿಗೆ, ಯಾವುದು ಹರಟೆಗೆ ಅಂತ ಮೊದಲ ವಾರದಲ್ಲೇ ಗೊತ್ತು ಮಾಡ್ಕೊಳ್ಳಿ. ಹಾಸಿಗೆ ಮೇಲೆ ಕೂತು ಓದಿದ್ರೆ ಏನಾಗತ್ತೆ ಅಂತ ನಾನು ಹೇಳೋದು ಬೇಡ.

ಒಂದೇ ಒಂದು

ಐದು ಅಭ್ಯಾಸ ಒಟ್ಟಿಗೆ ಬೇಡ, ಒಂದು ಸಾಕು. ಅದು ಓದಿನದ್ದೇ ಆಗಬೇಕಂತಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ ಕನ್ನಡ ಪುಸ್ತಕದ ಒಂದು ಪುಟ ಓದೋಕೆ ಹತ್ತು ನಿಮಿಷ ಬೇಕು. ನಾನು ಈ ಸಲ ಆರಿಸ್ಕೊಂಡಿರೋದು ಅದನ್ನೇ: ಬೆಳಿಗ್ಗೆ ಕಾಫಿ ಕಪ್ ಕೈಗೆ ಬಂದ ಮೇಲೆ ಒಂದು ಪುಟ. ನಿಮ್ಮದು ಬೇರೆ ಇರಬಹುದು: ಎದ್ದ ಕೂಡಲೇ ಹತ್ತು ನಿಮಿಷ ಬಿಸಿಲಲ್ಲಿ ನಡೆಯೋದು, ಲ್ಯಾಬ್ ಮುಗಿದ ಮೇಲೆ ಅಲ್ಲೇ ಕೂತು ರೆಕಾರ್ಡ್ ಬರೆಯೋದು, ರಾತ್ರಿ ಅಮ್ಮನಿಗೆ ಫೋನ್ ಮಾಡೋದು.

ವಿಜಯದಶಮಿಯಿಂದ 66 ದಿನ ಎಣಿಸಿದ್ರೆ ಡಿಸೆಂಬರ್ ಬರತ್ತೆ, ಎಕ್ಸಾಮ್ ಹತ್ತಿರ ಇರತ್ತೆ. ಕ್ಯಾಲೆಂಡರ್‌ನಲ್ಲಿ 22, 44, 66ನೇ ದಿನಕ್ಕೆ ಈಗಲೇ ಒಂದೊಂದು ಗುರುತು ಹಾಕಿಡಿ. 22ನೇ ದಿನ ಬಿಟ್ಟುಬಿಡೋಣ ಅನ್ಸಿದಾಗ ಕೆಪಾಸಿಟರ್ ನೆನಪಾಗಲಿ. ಪಕ್ಕದ ಬೆಂಚಿನವರು ಬಿಡೋಕೆ ಹೊರಟಿದ್ರೆ ಅವರಿಗೂ ಹೇಳಿ.