ಶೀಘ್ರಸ್ಖಲನ: ದವಾಖಾನೆಯಲ್ಲಿ ಹೇಳಬೇಕಾದ ಮಾತು

ನಮ್ಮ ದೇಶದಲ್ಲಿ ರೈಲಿನಲ್ಲಿ ಓಡಾಡಿದ ಯಾರಿಗೂ ಹಳಿಯ ಬದಿಯ ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆದ ‘ಗುಪ್ತರೋಗ’, ‘ಮರ್ದಾನಾ ಕಮಜೋರಿ’ ಎಂಬ ಜಾಹೀರಾತುಗಳು ಹೊಸವಲ್ಲ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತದೆಂದು ಹೇಳಿ ಔಷಧಿಯ ಜಾಹೀರಾತು ಕೊಡುವುದನ್ನು 1954ರಲ್ಲೇ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷ ಕಳೆದರೂ ಗೋಡೆಬರಹ ಅಳಿದಿಲ್ಲ. ಕಾನೂನು ಸಡಿಲವಾಗಿದೆ ಎಂಬುದು ಇದಕ್ಕೆ ಅರ್ಧ ಕಾರಣ ಮಾತ್ರ. ಉಳಿದರ್ಧ ನಮ್ಮ ಮೌನ. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆ ಶುಗರ್ ಬಂದವನು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ಅದನ್ನು ಹೇಳುತ್ತಾನೆ, ‘ಲಗೂ ಆಗಿಬಿಡ್ತದ್ರಿ’ ಎನ್ನುವುದನ್ನು ಮಾತ್ರ ವೈದ್ಯರಿಗೂ ಹೇಳುವುದಿಲ್ಲ. ಆ ಹೇಳದ ಮಾತಿನ ಮೇಲೆಯೇ ಗೋಡೆಯ ವ್ಯಾಪಾರ ನಡೆಯುತ್ತಿದೆ. ಶೀಘ್ರಸ್ಖಲನ ಗುಟ್ಟಿನ ರೋಗವೂ ಅಲ್ಲ, ಗಂಡಸುತನದ ಸೋಲೂ ಅಲ್ಲ. ಅದು ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಬಹುದಾದ, ಬಹುಪಾಲು ಸುಧಾರಿಸುವ ತೊಂದರೆ.

ಮೊದಲು ತಿಳಿಯಬೇಕಾದದ್ದು, ‘ಬೇಗ’ ಎಂದರೆ ಎಷ್ಟು ಬೇಗ ಎಂಬುದು. ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ, ಅಮೆರಿಕಗಳ 500 ದಂಪತಿಗಳು ಮನೆಯಲ್ಲೇ ಸ್ಟಾಪ್‌ವಾಚ್ ಹಿಡಿದು ಅಳೆದುಕೊಟ್ಟ ಲೆಕ್ಕವೊಂದು 2005ರಲ್ಲಿ ಪ್ರಕಟವಾಯಿತು. ಸಂಭೋಗ ಶುರುವಾದಲ್ಲಿಂದ ಸ್ಖಲನದವರೆಗಿನ ನಡುಮಟ್ಟದ ಅವಧಿ ಅದರಲ್ಲಿ ಐದೂವರೆ ನಿಮಿಷದ ಆಸುಪಾಸು ಬಂತು. ಕೆಲವರದು ಒಂದು ನಿಮಿಷದೊಳಗೆ ಮುಗಿದರೆ ಇನ್ನು ಕೆಲವರದು 40 ನಿಮಿಷ ದಾಟಿತ್ತು. ಮೊಬೈಲಿನ ಅಶ್ಲೀಲ ವಿಡಿಯೊ ನೋಡಿ ಅರ್ಧ ಗಂಟೆಯೇ ಸಹಜವೆಂದು ನಂಬಿದ ಹುಡುಗ ತನ್ನ ಐದು ನಿಮಿಷವನ್ನು ಕಾಯಿಲೆ ಎಂದುಕೊಳ್ಳುತ್ತಾನೆ. ವೈದ್ಯಶಾಸ್ತ್ರ ಕಾಯಿಲೆ ಎನ್ನಬೇಕಾದರೆ ಮೂರು ಸಂಗತಿ ಕೂಡಿರಬೇಕು: ಹೆಚ್ಚುಕಮ್ಮಿ ಪ್ರತಿ ಸಲವೂ ಸುಮಾರು ಒಂದು ನಿಮಿಷದೊಳಗೆ ಸ್ಖಲನವಾಗಬೇಕು, ತಡೆಯಲು ಆಗದಂತಿರಬೇಕು, ಅದರಿಂದ ಮನಸ್ಸಿಗೋ ಸಂಸಾರಕ್ಕೋ ನೋವಾಗುತ್ತಿರಬೇಕು. ಇದು ಮೊದಲಿನಿಂದಲೂ ಇರುವವರ ಮಾತಾಯಿತು. ಚೆನ್ನಾಗಿಯೇ ಇದ್ದು ಈಚೆಗೆ ಶುರುವಾದವರಲ್ಲಿ ಅವಧಿ ಮೂರು ನಿಮಿಷಕ್ಕೋ ಅದಕ್ಕೂ ಕಡಿಮೆಗೋ ಇಳಿದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಂಡಹೆಂಡತಿ ಇಬ್ಬರಿಗೂ ತೃಪ್ತಿಯಿದ್ದರೆ ಗಡಿಯಾರ ಏನು ಹೇಳಿದರೂ ಚಿಕಿತ್ಸೆ ಬೇಕಿಲ್ಲ.

ಈ ಭಾಗದ ಬದುಕಿಟ್ಟು ನೋಡಿದರೆ ಗಾಬರಿಗೆ ಕಾರಣವಿಲ್ಲದ ಎಷ್ಟೋ ಸಂದರ್ಭಗಳು ಕಾಣುತ್ತವೆ. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವನು ತಿಂಗಳುಗಟ್ಟಲೆ ಬಿಟ್ಟು ಹಬ್ಬಕ್ಕೆ ಊರಿಗೆ ಬಂದಾಗ ಬೇಗ ಆಗುವುದು ಸಹಜ. ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ರಾತ್ರಿ ಶಿಫ್ಟ್ ಮುಗಿಸಿ ದಣಿದು ಬಂದವನಿಗೆ, ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು ಏಳುವ ಮುನ್ನ ಎಂಬ ಅವಸರವಿದ್ದರೆ, ದೇಹ ಆ ಅವಸರವನ್ನೇ ರೂಢಿಮಾಡಿಕೊಳ್ಳುತ್ತದೆ. ಹೊಸದಾಗಿ ಮದುವೆಯಾದವರದೂ ಇದೇ ಕತೆ. ಇಂಥವರಿಗೆ ಬೇಕಾದದ್ದು ಗುಳಿಗೆಯಲ್ಲ. ಸ್ವಲ್ಪ ಸಮಯ, ಸ್ವಲ್ಪ ಏಕಾಂತ ಸಿಕ್ಕರೆ ಸಾಕು.

‘ಹಾಗಾದರೆ ಎಲ್ಲ ಮನಸ್ಸಿನದೇ ಆಟ, ಧೈರ್ಯ ತಂದುಕೊಂಡರಾಯಿತು’ ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ನಿಜವಿದೆ, ಆತಂಕ ತೊಂದರೆಯನ್ನು ಹೆಚ್ಚಿಸುತ್ತದೆ. ಆದರೆ ಮೊದಲಿನಿಂದಲೂ ಇರುವ ಶೀಘ್ರಸ್ಖಲನದಲ್ಲಿ ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಪಾತ್ರವಿದೆಯೆಂದು ಸಂಶೋಧಕರು ಭಾವಿಸುತ್ತಾರೆ. ಅದರ ಮಟ್ಟ ಹೆಚ್ಚಿಸುವ ಔಷಧಿಗಳು ಸ್ಖಲನವನ್ನು ನಿಧಾನಿಸುವುದಂತೂ ಪ್ರಯೋಗಗಳಲ್ಲಿ ಕಂಡ ಸತ್ಯ. ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ ಥೈರಾಯ್ಡ್ ಅತಿಯಾಗಿರಬಹುದು, ಪ್ರಾಸ್ಟೇಟ್ ಗ್ರಂಥಿಯ ಉರಿಯೂತವಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳದೆ ಹೋಗುವುದು ನಿಮಿರುವಿಕೆಯ ದೌರ್ಬಲ್ಯ. ಗಡಸುತನ ಎಲ್ಲಿ ಇಳಿದುಹೋಗುತ್ತದೋ ಎಂಬ ಭಯದಲ್ಲಿ ಗಂಡಸು ಬೇಗ ಮುಗಿಸುತ್ತಾನೆ, ಅದರ ಹಿಂದೆ ಹಿಡಿತಕ್ಕೆ ಬಾರದ ಶುಗರ್ ಇರಬಹುದು. ಅಂಥವನಿಗೆ ಧೈರ್ಯ ಹೇಳಿ ಕಳಿಸುವುದು ಕಾಯಿಲೆಯನ್ನು ಬೆಳೆಯಲು ಬಿಟ್ಟಂತೆ.

ಚಿಕಿತ್ಸೆಯಲ್ಲಿ ಮೊದಲು ಬರುವುದು ಖರ್ಚಿಲ್ಲದ ಅಭ್ಯಾಸ. ಜೇಮ್ಸ್ ಸೆಮನ್ಸ್ ಎಂಬ ಅಮೆರಿಕದ ವೈದ್ಯರು 1956ರಲ್ಲಿ ಹೇಳಿಕೊಟ್ಟ ನಿಲ್ಲಿಸಿ-ಮುಂದುವರಿಸುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಹೆಂಡತಿ ಕೈಯಿಂದ ಉದ್ದೀಪಿಸುತ್ತಾಳೆ. ಇನ್ನು ತಡೆಯಲಾಗದು ಎನ್ನುವ ಘಟ್ಟಕ್ಕೆ ತುಸು ಮೊದಲೇ ಗಂಡ ಹೇಳಬೇಕು, ಅವಳು ನಿಲ್ಲಿಸಬೇಕು. ಒತ್ತಡ ಇಳಿದ ಮೇಲೆ ಮತ್ತೆ ಶುರು. ಹೀಗೆ ಮೂರು ಸಲ ನಿಲ್ಲಿಸಿ ನಾಲ್ಕನೆಯ ಸಲ ಬಿಟ್ಟುಬಿಡುವುದು. ಕೆಲವು ವಾರ ಹೀಗೆ ಮಾಡಿದರೆ ಆ ಘಟ್ಟ ಹತ್ತಿರವಾಗುವುದನ್ನು ಗುರುತಿಸಲು ಬರುತ್ತದೆ, ಆಮೇಲೆ ಸಂಭೋಗದಲ್ಲೂ ಅದೇ ಕ್ರಮ. ಎರಡನೆಯದು ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ: ವಾಯು ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಿಸುವುದು, ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಬಸ್ಸಿನಲ್ಲಿ ಕೂತೂ ಮಾಡಬಹುದು, ಪಕ್ಕದವರಿಗೆ ತಿಳಿಯುವುದಿಲ್ಲ. ಇಟಲಿಯಲ್ಲಿ 40 ಗಂಡಸರಿಗೆ ಇಂಥ ಸ್ನಾಯುಗಳ ತರಬೇತಿಯನ್ನು 12 ವಾರ ಕೊಟ್ಟ ಅಧ್ಯಯನದಲ್ಲಿ 33 ಜನ ಸುಧಾರಿಸಿದ್ದರು. ಸಣ್ಣ ಅಧ್ಯಯನ ನಿಜ, ಆದರೂ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ದಾರಿ.

ಇಷ್ಟರಲ್ಲಿ ಸಾಲದವರಿಗೆ ಔಷಧಿಯಿದೆ. ಡಪಾಕ್ಸೆಟಿನ್ ಗುಳಿಗೆಯನ್ನು ಒಂದರಿಂದ ಮೂರು ಗಂಟೆ ಮೊದಲು ತೆಗೆದುಕೊಳ್ಳುತ್ತಾರೆ. ವಾಕರಿಕೆ, ತಲೆಸುತ್ತು ಬರಬಹುದು. ಕುಡಿದು ನುಂಗಬಾರದು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ದಿನಾ ತೆಗೆದುಕೊಳ್ಳುವ ಪರಾಕ್ಸೆಟಿನ್‌ನಂಥವನ್ನು ತಟ್ಟನೆ ನಿಲ್ಲಿಸುವಂತಿಲ್ಲ. ಮರಗಟ್ಟಿಸುವ ಲಿಡೊಕೇನ್ ಸ್ಪ್ರೇ ಹಚ್ಚಿದರೆ ಒರೆಸಿಕೊಳ್ಳಬೇಕು ಇಲ್ಲವೆ ಕಾಂಡೋಮ್ ಹಾಕಬೇಕು, ಇಲ್ಲದಿದ್ದರೆ ಹೆಂಡತಿಗೂ ಮರಗಟ್ಟುತ್ತದೆ. ‘ಸಹಜ ವ್ಯತ್ಯಾಸಕ್ಕೆ ಕಾಯಿಲೆಯ ಹೆಸರಿಟ್ಟು ಕಂಪನಿಗಳು ದುಡ್ಡು ಮಾಡುತ್ತಿವೆ’ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದಕ್ಕೆಂದೇ ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಪಿಸುಗುಟ್ಟಿ ಗುಳಿಗೆ ಕೊಳ್ಳಬಾರದು. ಆದರೆ ಹತ್ತು ವರ್ಷದಿಂದ ಹೆಂಡತಿಯ ಮುಖ ನೋಡಲು ಅಳುಕುವವನ ನೋವು ಯಾವ ಕಂಪನಿಯೂ ಹುಟ್ಟಿಸಿದ್ದಲ್ಲ.

ಇದನ್ನೆಲ್ಲ ಬಾಯಿಬಿಟ್ಟು ಮಾತಾಡುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವ ಆಕ್ಷೇಪ ಮಳಖೇಡದಲ್ಲಂತೂ ನಿಲ್ಲುವುದಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ, ಅಂದರೆ ಲೈಂಗಿಕ ಶಕ್ತಿಯ ಚಿಕಿತ್ಸೆಯೂ ಒಂದು. ಬೇಗನೆ ಸ್ಖಲನವಾಗುವುದನ್ನು ಚರಕಸಂಹಿತೆ ಶುಕ್ರಕ್ಕೆ ಸೇರಿದ ವಾತದ ಲಕ್ಷಣವೆಂದು ಎಣಿಸಿದೆ, ಪಾಪವೆಂದಲ್ಲ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ 9ನೇ ಶತಮಾನದಲ್ಲಿ, ‘ಕಲ್ಯಾಣಕಾರಕ’ ಬರೆದ ಜೈನ ವೈದ್ಯ ಉಗ್ರಾದಿತ್ಯ ನೃಪತುಂಗನ ಸಭೆಯಲ್ಲಿ ನಿಂತು, ಮಾಂಸ ಔಷಧಕ್ಕೆ ಬೇಡವೆಂದು ವಿದ್ವಾಂಸರು, ವೈದ್ಯರ ಎದುರು ವಾದಿಸಿದನೆಂದು ಆ ಗ್ರಂಥವೇ ಹೇಳುತ್ತದೆ. ದೇಹದ ಮಾತನ್ನು ತುಂಬಿದ ಸಭೆಯಲ್ಲಿ ಚರ್ಚಿಸಿದ ಪರಂಪರೆ ಅದು. ಅದರ ಹೆಸರಿನಲ್ಲಿ ಲೇಬಲ್ ಇಲ್ಲದ ಪುಡಿ ಮಾರುವವರು ಆ ಪರಂಪರೆಯವರಲ್ಲ. ಗಿಡಮೂಲಿಕೆ ಎಂದು ಮಾರುವ ಇಂಥ ಎಷ್ಟೋ ಪುಡಿ, ಗುಳಿಗೆಗಳಲ್ಲಿ ನಿಮಿರುವಿಕೆಯ ಔಷಧಿಯಾದ ಸಿಲ್ಡೆನಫಿಲ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಎದೆನೋವಿಗೆ ನಾಲಿಗೆಯಡಿ ಗುಳಿಗೆ ಇಡುವವನು ಅದನ್ನು ತಿಂದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತು.

ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವೈದ್ಯರನ್ನು ಒಬ್ಬಂಟಿಯಾಗಿ ಕಾಣಬೇಕೆಂದು ಕೇಳುವ ಹಕ್ಕು ರೋಗಿಗಿದೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಮುಖ ತೋರಿಸಲು ಸಂಕೋಚವಿದ್ದರೆ 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಹಗಲುರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಒಳಗೆ ಹೋದವನು ನಾಲ್ಕು ಮಾತು ಹೇಳಿದರೆ ಸಾಕು: ಎಂದಿನಿಂದ ಹೀಗಾಗುತ್ತಿದೆ, ಅಂದಾಜು ಎಷ್ಟು ಹೊತ್ತು, ಗಡಸುತನ ಉಳಿಯುತ್ತದೆಯೆ, ಈಗ ಯಾವ ಗುಳಿಗೆ ತಿನ್ನುತ್ತಿದ್ದೇನೆ. ಹೆಂಡತಿ ಒಪ್ಪಿದರೆ ಅವಳೂ ಜೊತೆಗೆ ಬರಲಿ. ಗಂಡ ಮುಖ ತಿರುಗಿಸಿ ಮಲಗುವುದು ತನ್ನ ಮೇಲಿನ ಬೇಸರಕ್ಕೆ ಎಂದು ಅವಳು ವರ್ಷಗಟ್ಟಲೆ ನೊಂದಿರಬಹುದು.